ಎಐ ಚಿತ್ರದಲ್ಲಿ ಅತ್ತೆಗೆ ತಾತ ಕಂಡರು. ಕೆಳಗಿನ ಚೀಟಿಯಲ್ಲಿ ಏನಂತ ಬರೀಲಿ?

ಕೊಬ್ಬರಿಅಟ್ಟ

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರು ಕಡೆಯವಳು, ಈಗ ಬೆಂಗಳೂರಲ್ಲಿ ಪುಸ್ತಕಗಳಿಗೆ ಮುಖಪುಟ ಮಾಡ್ತೀನಿ. ಒಂದೂವರೆ ವರ್ಷದಿಂದ ರಾತ್ರಿ ಊಟ ಆದ್ಮೇಲೆ, ಬರೆದು ಹೇಳಿದ್ದನ್ನ ಚಿತ್ರ ಮಾಡಿಕೊಡೋ ಮಿಡ್‌ಜರ್ನಿ ಅನ್ನೋ ಎಐನಲ್ಲಿ ನಮ್ಮೂರಿನ ಹಳೇ ಫೋಟೋಗಳನ್ನ ಮಾಡ್ತಾ ಕೂರ್ತೀನಿ. ಯಾರೂ ಯಾವತ್ತೂ ತೆಗೆಯದೇ ಇದ್ದ ಫೋಟೋಗಳು. ಕೊಬ್ಬರಿ ಅಟ್ಟದೊಳಗೆ ನಿಂತು ಹೊಗೆ ಬಿಡ್ತಿರೋ ರೈಲು ಇಂಜಿನ್ನು. ಸಂತೆ ಬಯಲಲ್ಲಿ ಎರಡಾಳೆತ್ತರದ ಬೆಲ್ಲದ ಅಚ್ಚು, ಅದರ ನೆರಳಲ್ಲಿ ನಿದ್ದೆ ಹೊಡೀತಿರೋ ಹೆಂಗಸರು. ಬಣ್ಣ ಮಾತ್ರ ಹಳೇ ಮದುವೆ ಆಲ್ಬಮ್ಮಲ್ಲಿ ಕೆಂಪಗೆ ಮಾಸಿರುತ್ತಲ್ಲ, ಹಾಗೆ.

ನಮ್ಮನೇಲಿ ತಾತನ ಫೋಟೋ ಇಲ್ಲ. ಇದ್ದ ಒಂದನ್ನ ಗೆದ್ದಲು ತಿಂತು, ಕಟ್ಟು ಮಾತ್ರ ಉಳೀತು. ನಾನು ಹುಟ್ಟೋ ಮೊದಲೇ ತಾತ ಹೋಗಿದ್ರು. ಆ ಖಾಲಿ ಕಟ್ಟು ನೋಡ್ಕೊಂಡೇ ಬೆಳೆದೆ.

ಯಂತ್ರಕ್ಕೆ ನಮ್ಮೂರು ಗೊತ್ತಿಲ್ಲ ಬಿಡಿ. ಹಳ್ಳಿ ಅಂದ್ರೆ ರಾಜಸ್ಥಾನದ ಪೇಟ ಸುತ್ತುತ್ತೆ. ಕೊಬ್ಬರಿ ಅಂದ್ರೆ ಎಳನೀರು ರಾಶಿ ಹಾಕುತ್ತೆ. ಅಂಗಡಿ ಬೋರ್ಡಿನ ಮೇಲೆ ಕನ್ನಡದ ಥರ ಕಾಣೋ ಜಿಲೇಬಿ. ಒಂದು ಚಿತ್ರ ಕೈಗೆ ಬರೋಕೆ ನೂರಾರು ಕಸಕ್ಕೆ ಹೋಗುತ್ತೆ.

ಈಗ ವಿಷಯಕ್ಕೆ ಬರ್ತೀನಿ. ಕೆರೆ ನಡುವೆ ನೀರಿನ ಮೇಲೊಂದು ಆರಾಮ ಕುರ್ಚಿ, ಅದರಲ್ಲಿ ಪಂಚೆ ಉಟ್ಟ ಮುದುಕರೊಬ್ಬರು, ತೊಡೆ ಮೇಲೆ ರೇಡಿಯೋ. ಪ್ರಿಂಟ್ ಹಾಕಿಸಿ ಮೇಜಿನ ಮೇಲಿಟ್ಟಿದ್ದೆ. ಮನೆಗೆ ಬಂದ ಸೋದರತ್ತೆ (78 ವರ್ಷ) ಕನ್ನಡಕ ಹಾಕ್ಕೊಂಡು ನೋಡಿ, "ನಮ್ಮಪ್ಪ ಕಣೇ! ಕೆರೆ ಕೋಡಿ ಬಿದ್ದ ವರ್ಷ ತೆಗೆದಿದ್ದು ಇದು. ನೀರು ಜಗಲಿವರೆಗೂ ಬಂದಿತ್ತು" ಅಂದ್ರು. ಸೆರಗಲ್ಲಿ ಕಣ್ಣು ಒರೆಸಿಕೊಂಡ್ರು. ನಾನು ಹೂಂ ಅಂದ್ಬಿಟ್ಟೆ.

ಆ ಮುಖ ತಾತನದ್ದಲ್ಲ. ಯಾರದ್ದೂ ಅಲ್ಲ.

ಮುಂದಿನ ತಿಂಗಳು ಊರ ಶಾಲೆಯ ಹಳೇ ವಿದ್ಯಾರ್ಥಿಗಳ ಕೂಟದಲ್ಲಿ ಇಂಥ 12 ಚಿತ್ರ ತೂಗುಹಾಕ್ತಿದಾರೆ. ಅತ್ತೇನೂ ಬರ್ತಾರೆ. ಕೆಳಗಿನ ಚೀಟಿಯಲ್ಲಿ ಏನಂತ ಬರೀಲಿ? ಅತ್ತೆಗೆ ಮೊದಲೇ ಹೇಳಿಬಿಡ್ಲಾ?

ಫೋಕಸ್_ಪುಟ್ಟ

ಏನಾದ್ರೂ ಬರೀರಿ, ಫೋಟೋ ಅಂತ ಮಾತ್ರ ಬೇಡ. ಜರ್ಮನಿಯ ಬೋರಿಸ್ ಎಲ್ಡಾಗ್‌ಸೆನ್ ಹೆಸರು ಕೇಳಿರ್ತೀರ. 2023ರ ಸೋನಿ ವರ್ಲ್ಡ್ ಫೋಟೋಗ್ರಫಿ ಅವಾರ್ಡ್ಸ್‌ನ ಮುಕ್ತ ಸ್ಪರ್ಧೆಯಲ್ಲಿ, ಕ್ರಿಯೇಟಿವ್ ವಿಭಾಗದಲ್ಲಿ ಅವರ 'ದಿ ಎಲೆಕ್ಟ್ರಿಷಿಯನ್' ಗೆದ್ದಿತು. ಇಬ್ಬರು ಹೆಂಗಸರು, ಒಬ್ಬಳ ಬೆನ್ನ ಹಿಂದೆ ಇನ್ನೊಬ್ಬಳು, ಕಪ್ಪು ಬಿಳುಪು, ನೋಡಿದ್ರೆ 1940ರ ದಶಕದ್ದು ಅನ್ನಬೇಕು. ಮಾಡಿದ್ದು ಎಐನಲ್ಲಿ. ಏಪ್ರಿಲ್‌ನಲ್ಲಿ ಲಂಡನ್ನಿನ ಸಮಾರಂಭದಲ್ಲೇ ಅವರು ಬಹುಮಾನ ಬೇಡ ಅಂದ್ರು. ಎಐ ಚಿತ್ರವೂ ಫೋಟೋವೂ ಒಂದೇ ಸ್ಪರ್ಧೆಯಲ್ಲಿ ಇರಬಾರದು ಅನ್ನೋದು ಅವರ ವಾದ. ಪ್ರಾಂಪ್ಟ್, ಅಂದ್ರೆ ಎಐಗೆ ಬರೆದು ಕೊಡೋ ಸೂಚನೆ, ಕೊಟ್ಟು ಮಾಡಿದ್ದಕ್ಕೆ ಅವರು ಬಳಸೋ ಪದ ಪ್ರಾಂಪ್ಟೋಗ್ರಫಿ. ಆ ಚಿತ್ರ ಇರೋ ಸರಣಿಯ ಹೆಸರು ನಿಮಗೆ ಬೇಕಾಗುತ್ತೆ: ಸ್ಯೂಡೋಮ್ನೇಸಿಯಾ. ಸುಳ್ಳು ನೆನಪು.

ಮರುವರ್ಷ ಇದು ತಿರುಗಾಮುರುಗಾ ಆಯ್ತು. ಮೈಲ್ಸ್ ಆಸ್ಟ್ರೇ ಅನ್ನೋರು ಕ್ಯಾಮೆರಾದಲ್ಲಿ ತೆಗೆದ, ತಲೆಯೇ ಇಲ್ಲದಂತೆ ಕಾಣೋ ಫ್ಲೆಮಿಂಗೋ ಫೋಟೋವನ್ನ '1839 ಅವಾರ್ಡ್ಸ್' ಅನ್ನೋ ಫೋಟೋ ಸ್ಪರ್ಧೆಯ ಎಐ ವಿಭಾಗಕ್ಕೆ ಕಳಿಸಿದ್ರು. ಪಾಪದ ಹಕ್ಕಿ ಹೊಟ್ಟೆ ಕೆರ್ಕೊಳ್ತಿತ್ತು ಅಷ್ಟೇ. ಬಹುಮಾನ ಬಂತು, ನಿಜ ಹೇಳಿದ ಮೇಲೆ ಅನರ್ಹ ಆಯ್ತು. ತೀರ್ಪುಗಾರರಿಗೇ ಗೊತ್ತಾಗಲ್ಲ, ನಿಮ್ಮತ್ತೆ ಏನು ಮಾಡ್ತಾರೆ?

ಕೆಂಪುಬಲ್ಬು

ಅಮ್ಮಾ, ನಾನು 31 ವರ್ಷ ಸ್ಟುಡಿಯೋ ನಡೆಸಿದವನು. ಸುಳ್ಳು ಅಂತೀರಲ್ಲ, ಸುಳ್ಳೇ ನಮ್ಮ ಅನ್ನ. ಸಿಡುಬಿನ ಕಲೆ ಇದ್ರೆ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸ್ತಿದ್ವಿ. ನೆಗೆಟಿವ್‌ನಲ್ಲಿ ಕಪ್ಪಾದ ಜಾಗ ಪ್ರಿಂಟಲ್ಲಿ ಬೆಳ್ಳಗೆ ಬರ್ತದೆ. ಬೇಡದ್ದನ್ನ ಬ್ಲೇಡಲ್ಲಿ ಕೆರೀತಿದ್ವಿ. ಗಂಡ ತೀರಿಕೊಂಡ ಹೆಂಗಸು ಅವನ ಪಾಸ್‌ಪೋರ್ಟ್ ಸೈಜಿನ ಫೋಟೋ ತಂದು, ಸ್ವಾಮಿ ನಮ್ಮಿಬ್ಬರನ್ನೂ ಒಟ್ಟಿಗೆ ಕೂರಿಸಿಕೊಡಿ ಅನ್ನೋಳು. ಇಬ್ಬರನ್ನೂ ಕತ್ತರಿಸಿ ಅಂಟಿಸಿ, ಅಂಚಿಗೆ ಬ್ರಷ್ ಎಳೆದು, ಮತ್ತೆ ಫೋಟೋ ತೆಗೆದು ಕೊಡ್ತಿದ್ದೆ. ಹಿಂದೆ ಪರದೆ ಮೇಲೆ ಬಂಗಲೆ ಮೆಟ್ಟಿಲು. ಅವಳ ಮನೆ ಸೋಗೆ ಗುಡಿಸಲು.

ಆದ್ರೆ ಆ ಮೋಸ ಅವಳು ಕೇಳಿ ಮಾಡಿಸಿಕೊಂಡಿದ್ದು. ಮುಖ ಅವಳ ಗಂಡನದ್ದೇ. ನಿಮ್ಮ ಅತ್ತೆ ಕೇಳಿರಲಿಲ್ಲ. ಹೇಳಿಬಿಡಿ.

ಜೋಳದರೊಟ್ಟಿ

ಕಂಪ್ಯೂಟರಿಗೆ ನಾಲ್ಕು ಸಾಲು ಟೈಪ್ ಮಾಡಿದ್ರೆ ಕಲಾವಿದೆ ಆಗಿಬಿಡ್ತಾರಾ? ಸುಮ್ನೆ ಕೇಳಿದೆ.

ಮೇಷ್ಟ್ರು_ರಜೆಯಲ್ಲಿ

ರೊಟ್ಟಿಯವರೇ, ನೂರಾರು ಬಿಸಾಕಿ ಒಂದನ್ನ ಇಟ್ಟುಕೊಳ್ಳೋದು ನಾಲ್ಕು ಸಾಲಿನ ಕೆಲಸ ಅಲ್ಲ. ಇರಲಿ.

ಕಾಲೇಜಲ್ಲಿ ಮನಶ್ಶಾಸ್ತ್ರ ಹೇಳೋನು ನಾನು. ಕಿಂಬರ್ಲಿ ವೇಡ್ ಮತ್ತು ಜೊತೆಗಾರರ 2002ರ ಪ್ರಯೋಗ ಒಂದಿದೆ. 20 ಜನರ ಬಾಲ್ಯದ ಫೋಟೋ ಮನೆಯವರಿಂದ ತರಿಸಿ, ಬಿಸಿಗಾಳಿ ಬಲೂನಿನಲ್ಲಿ ಕೂತ ಹಾಗೆ ಜೋಡಿಸಿದ್ರು. ಅವರ್ಯಾರೂ ಬಲೂನು ಹತ್ತಿದವರಲ್ಲ. ಮೂರು ಸಲ ಮಾತಾಡಿಸೋಷ್ಟರಲ್ಲಿ ಅರ್ಧ ಜನಕ್ಕೆ ಆ ಹಾರಾಟ ಸ್ಪಷ್ಟವಾಗೋ ಮಸುಕಾಗೋ ನೆನಪಾಗಿತ್ತು! ಆದ್ದರಿಂದ ಅತ್ತೆಗೆ ಮರೆವು ಅಂತ ಗಾಬರಿ ಬೇಡ, ಎಳೇ ಮಂದಿಗೂ ಹೀಗಾಗುತ್ತೆ. ಹೇಳೋದಿದ್ರೆ ಬೇಗ ಹೇಳಿ. ಪ್ರತಿ ಸಲ ನೋಡಿದಾಗಲೂ ಆ ನೆನಪಿಗೆ ಇನ್ನೊಂದು ಪದರ ಕೂರುತ್ತೆ.

ಕೊಬ್ಬರಿಅಟ್ಟ

ಭಾನುವಾರ ಹೇಳಿದೆ. ಫೋನಲ್ಲೇ ಒಂದು ಚಿತ್ರ ಮಾಡಿ ತೋರಿಸಿದೆ. ಮೊದಲು ಬರೀ ಮಸುಕು, ಟಿವಿ ಸಿಗ್ನಲ್ ಹೋದಾಗ ಬರೋ ಥರ, ಅದರೊಳಗಿಂದ ನಿಧಾನಕ್ಕೆ ಮುಖ ಏಳೋದನ್ನ ನೋಡಿದ್ರು. ತುಂಬಾ ಹೊತ್ತು ಮಾತಿಲ್ಲ. ಆಮೇಲೆ ಕೋಪ ಬಂತು. ನನ್ನ ಮೇಲಲ್ಲ, ಚಿತ್ರದ ಮೇಲೆ.

"ನಮ್ಮಪ್ಪಂಗೆ ಎಡ ಹುಬ್ಬಲ್ಲಿ ಗಾಯದ ಗೆರೆ ಇತ್ತು, ಇದಕ್ಕೆಲ್ಲಿದೆ? ಪಂಚೆ ಹೀಗೆ ಉಡ್ತಿರ್ಲಿಲ್ಲ. ರೇಡಿಯೋ ನಮ್ಮದಲ್ಲ, ಶಾನುಭೋಗರ ಮನೇದು, ವಾರ್ತೆ ಕೇಳೋಕೆ ಅಲ್ಲಿಗೇ ಹೋಗ್ತಿದ್ದ."

ಒಂದು ಗಂಟೆ ಹೀಗೇ ನಡೀತು. ತಾತನ ಬಗ್ಗೆ ಇಷ್ಟು ಮಾತು ನಮ್ಮನೇಲಿ ಯಾರೂ ಆಡಿದ್ದು ನಾನು ಕೇಳಿಲ್ಲ. ಮಧ್ಯೆ ಕೇಳಿದೆ, ಮತ್ತೆ ನೀರು ಜಗಲಿವರೆಗೂ ಬಂದಿದ್ದು? "ಅದು ನಿಜ. ಫೋಟೋ ತೆಗೆಯೋಕೆ ಯಾರೂ ಇರ್ಲಿಲ್ಲ, ಅಷ್ಟೇ."

ಚಿತ್ರವನ್ನ ತಿದ್ದೋಕೆ ಹೋಗಲ್ಲ. ಎಐನಲ್ಲಿ ಮಾಡಿದ ಚಿತ್ರ ಅಂತ ಚೀಟಿ ಹಚ್ಚಿ, ಅತ್ತೆ ಹೇಳಿದ ತಪ್ಪುಗಳನ್ನೆಲ್ಲ ಅವರ ಕೈಯಲ್ಲೇ ಪ್ರಿಂಟಿನ ಅಂಚಲ್ಲಿ ಬರೆಸ್ತೀನಿ. ಉಳಿದ 11ಕ್ಕೂ ಊರವರು ಬರೀಲಿ, ಪಕ್ಕದಲ್ಲಿ ಪೆನ್ಸಿಲ್ ಕಟ್ಟಿಡ್ತೀನಿ. ಕೆಂಪುಬಲ್ಬು ಅವರೇ, ಗ್ಲಾಸಿ ಪ್ರಿಂಟ್ ಮೇಲೆ ಯಾವ ಪೆನ್ಸಿಲ್ ಹಿಡಿಯುತ್ತೆ?

ಕೆಂಪುಬಲ್ಬು

ಗ್ಲಾಸಿ ಮೇಲೆ ಯಾವುದೂ ಸರಿಯಾಗಿ ಹಿಡಿಯಲ್ಲ ತಾಯಿ, ಜಾರ್ತದೆ. ಮ್ಯಾಟ್ ಪೇಪರಲ್ಲಿ ಮತ್ತೆ ಹಾಕಿಸಿ, ಸುತ್ತ ಮೂರು ಬೆರಳು ಬಿಳಿ ಅಂಚು ಬಿಡಿಸಿ. ಪೆನ್ಸಿಲ್ 2ಬಿ ಇರಲಿ. ಅತ್ತೆಯವರಿಗೆ ಕೂತು ಬರೆಯೋಕೆ ಒಂದು ಕುರ್ಚಿ ಹಾಕಿಸಿ.