ಇಎಂಟಿ ಮತ್ತು ಇಂಗ್ಲಿಷ್ 1ಎ ಒಂದೇ ಸೆಮಿಸ್ಟರಿನಲ್ಲಿ: ಕಮ್ಯುನಿಟಿ ಕಾಲೇಜಿನಲ್ಲಿ ಓದಿದವರು ಅನುಭವ ತಿಳಿಸಿ

ಹೊಸ ಊರಿನವಳು:
ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದಲ್ಲಿದ್ದೇನೆ, ಗ್ರೀನ್ ಕಾರ್ಡ್ ಬಂದು ವರ್ಷ ದಾಟಿದೆ. ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಮೊದಲು ಇಎಂಟಿ (ಆಂಬುಲೆನ್ಸ್‌ನ ಪ್ರಾಥಮಿಕ ತುರ್ತು ಚಿಕಿತ್ಸೆಯ ತರಬೇತಿ), ಆಮೇಲೆ ಅದರ ಮೇಲಿನ ಹಂತದ ಪ್ಯಾರಾಮೆಡಿಕ್ ಮುಗಿಸಿ, ಎರಡು ವರ್ಷದ ಅಸೋಸಿಯೇಟ್ ಪದವಿ ಪಡೆಯಬೇಕೆಂದಿದ್ದೇನೆ. ಪದವಿಗೆ, ಎಲ್ಲರೂ 1ಎ ಎಂದು ಕರೆಯುವ ಇಂಗ್ಲಿಷ್ ಬರವಣಿಗೆಯ ಕೋರ್ಸ್ ಬೇಕೇ ಬೇಕು ಎಂದರು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಮಗಳಿಗೆ ಮೂರು ವರ್ಷ, ಸಂಜೆ ಮಾತ್ರ ಬಿಡುವು. ಎರಡನ್ನೂ ಒಂದೇ ಸೆಮಿಸ್ಟರಿನಲ್ಲಿ ತೆಗೆದುಕೊಂಡವರಿದ್ದರೆ ದಯವಿಟ್ಟು ತಿಳಿಸಿ.

ರಾತ್ರಿಪಾಳಿ:
ಮೇಡಂ, ಇಎಂಟಿಯ ಚಿಂತೆ ಬಿಡಿ. ಮುಂದಿನದಕ್ಕೆ ಈಗಿನಿಂದಲೇ ಹಣ ಕೂಡಿಡಿ. ಪ್ಯಾರಾಮೆಡಿಕ್‌ಗೆ ಈ ರಾಜ್ಯ ಇಟ್ಟಿರುವ ಕನಿಷ್ಠ ಮಿತಿ 1,094 ಗಂಟೆ. ಅದರಲ್ಲಿ 160 ಆಸ್ಪತ್ರೆಯಲ್ಲಿ, 480 ಆಂಬುಲೆನ್ಸ್‌ನಲ್ಲಿ. ಗಂಟೆ ತುಂಬಿದರೆ ಸಾಲದು, 40 ಎಎಲ್‌ಎಸ್ ಕಾಂಟ್ಯಾಕ್ಟ್, ಅಂದರೆ ಐವಿ, ಔಷಧಿಯಂತಹ ಮೇಲ್ಮಟ್ಟದ ಚಿಕಿತ್ಸೆ ಕೊಟ್ಟ ರೋಗಿಗಳು ಕೂಡ ಆಗಬೇಕು. ನನ್ನನ್ನು ಹಾಕಿದ ಸ್ಟೇಷನ್‌ಗೆ ಬರುತ್ತಿದ್ದದ್ದು ಕಾಲು ಉಳುಕಿದವರ ಕರೆ, ಮಂಚದಿಂದ ಜಾರಿದ ಅಜ್ಜಿಯರ ಕರೆ. ಇಡೀ ಪಾಳಿ ಕಾದರೂ ಒಂದು ಐವಿ ಹಾಕುವ ಅವಕಾಶ ಸಿಗದ ದಿನಗಳಿದ್ದವು. ಅಂತೂ ಲೆಕ್ಕ ಏರತೊಡಗಿತು ಎನ್ನುವಾಗ ನನ್ನನ್ನು ಪಳಗಿಸುತ್ತಿದ್ದ ಪ್ರಿಸೆಪ್ಟರ್ ಬೆನ್ನು ನೋವೆಂದು ದೀರ್ಘ ರಜೆ ಹಾಕಿದರು. ಇನ್ನೊಬ್ಬರು ಸಿಗುವವರೆಗೆ ಮನೆಯಲ್ಲಿ ಕುಳಿತೆ. ಬಂದವರು ಹಳೆಯ ಮೌಲ್ಯಮಾಪನವನ್ನು ಒಪ್ಪದೆ ಮೊದಲಿನಿಂದ ಮಾಡಿಸಿದರು. ಸಂಬಳವಿಲ್ಲದ ಇಂಟರ್ನ್‌ಶಿಪ್, ಅದಕ್ಕಾಗಿ ಕೆಲಸದ ಗಂಟೆ ಕಡಿತ, ಬಾಡಿಗೆಯೆಲ್ಲ ಕ್ರೆಡಿಟ್ ಕಾರ್ಡ್ ಮೇಲೆ.

ಖರ್ಚಿನ ವಿಷಯಕ್ಕೆ ಬಂದರೆ, ಯೂನಿಟ್‌ಗೆ (ಕೋರ್ಸಿನ ಅಳತೆಗೆ) 46 ಡಾಲರ್ ಶುಲ್ಕ ಎಂಬ ಸಾಲನ್ನು ಓದಿ ಸಮಾಧಾನಪಡಬೇಡಿ. ನನಗೆ ಬೂಟಿಗೆ 165, ಸ್ಟೆತೊಸ್ಕೋಪ್‌ಗೆ 110, ಎರಡು ಜೊತೆ ಸಮವಸ್ತ್ರಕ್ಕೆ 180 ಆಯಿತು. ಲೈವ್ ಸ್ಕ್ಯಾನ್ ಬೆರಳಚ್ಚು, ಡ್ರಗ್ ಟೆಸ್ಟ್, ಪಾರ್ಕಿಂಗ್ ಪರ್ಮಿಟ್ ಬೇರೆ. ಊರಿನಲ್ಲಿ ಹಾಕಿಸಿಕೊಂಡ ಹೆಪಟೈಟಿಸ್ ಬಿ ಲಸಿಕೆಗೆ ಚೀಟಿ ಇರಲಿಲ್ಲ, ಮೂರೂ ಡೋಸ್ ಮತ್ತೆ ಹಾಕಿಸಿಕೊಳ್ಳಬೇಕಾಯಿತು. ಇಷ್ಟಾದರೂ ಇವತ್ತು ಪ್ಯಾರಾಮೆಡಿಕ್ ಎಂಬ ಪ್ಯಾಚ್ ನನ್ನ ಸಮವಸ್ತ್ರದ ತೋಳಿನ ಮೇಲಿದೆ. ಯಾರೂ ಅದನ್ನು ನನಗೆ ದಾನ ಕೊಟ್ಟಿಲ್ಲ.

ಅಂಚಿನ ಟಿಪ್ಪಣಿ:
ಬೂಟಿನ ಬೆಲೆ ಹೇಳುವ ಎಲ್ಲರೂ ಇಂಗ್ಲಿಷನ್ನು ಮೂಲೆಗೆ ತಳ್ಳುತ್ತೀರಿ. ನನ್ನನ್ನು ಹಣ್ಣು ಮಾಡಿದ್ದು ಅದೇ ಇಂಗ್ಲಿಷ್. 2017ರ ಎಬಿ 705 ಎಂಬ ರಾಜ್ಯದ ಕಾನೂನು ಬಂದ ಮೇಲೆ, ಯಾವ ಹಂತದ ತರಗತಿಗೆ ಸೇರಿಸಬೇಕೆಂದು ನೋಡುವ ಪ್ಲೇಸ್‌ಮೆಂಟ್ ಪರೀಕ್ಷೆ ಹೋಯಿತು, ಕೆಳಗಿನ ಹಂತದ ತರಗತಿಗಳೂ ಹೆಚ್ಚುಕಡಿಮೆ ಹೋದವು. ನೇರವಾಗಿ 1ಎಗೆ ಕೂರಿಸುತ್ತಾರೆ. ಮೊದಲ ವಾರವೇ ಪ್ರಬಂಧ. ಥೀಸಿಸ್, ಅಂದರೆ ಪ್ರಬಂಧದ ಮುಖ್ಯ ವಾದ, ಎಲ್ಲಿದೆ ಎಂದು ಕೇಳಿದರು. ವಿಷಯವನ್ನು ಸುತ್ತಿಬಳಸಿ ಕೊನೆಯಲ್ಲಿ ಅಭಿಪ್ರಾಯ ಹೇಳುವುದು ನಮಗೆ ಶಾಲೆಯಲ್ಲಿ ಕಲಿಸಿದ ಕ್ರಮ. ಇಲ್ಲಿ ಮೊದಲ ಪ್ಯಾರಾದಲ್ಲೇ ವಾದ ನಿಲ್ಲಬೇಕು. ಎಂಎಲ್‌ಎ ಎಂಬ ಬರವಣಿಗೆಯ ನಿಯಮಾವಳಿಯ ಆಕರ ಪಟ್ಟಿಯಲ್ಲಿ ಎರಡನೆಯ ಸಾಲು ಒಳಗೆ ಸರಿದಿಲ್ಲ ಎಂಬ ಕಾರಣಕ್ಕೂ ಅಂಕ ಕಡಿತ.

ಮೂರನೆಯ ಪ್ರಬಂಧವನ್ನು ರಾತ್ರಿಯೆಲ್ಲ ಕುಳಿತು ಬರೆದೆ. ತಂತ್ರಾಂಶ ಅದನ್ನು ಎಐ ಬರೆದದ್ದು ಎಂದು ತೋರಿಸಿತು, ಶಿಕ್ಷಕರು ಸೊನ್ನೆ ಹಾಕಿದರು. ಸ್ಟ್ಯಾನ್‌ಫರ್ಡ್ ಸಂಶೋಧಕರು 2023ರಲ್ಲೇ ತೋರಿಸಿದ್ದಾರೆ: ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಇಂಗ್ಲಿಷ್ ಪರೀಕ್ಷೆಗೆ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇಂತಹ ತಂತ್ರಾಂಶಗಳು ಎಐ ಎಂದು ತಪ್ಪಾಗಿ ಗುರುತಿಸಿದವು. ಸರಳ ಪದ, ಸರಳ ವಾಕ್ಯ ಬಳಸುವುದೇ ನಮ್ಮ ಅಪರಾಧವಾಯಿತು. ಕರಡಿನ ಹಿಸ್ಟರಿ ತೆರೆದು, ಒಂದೊಂದು ವಾಕ್ಯ ಯಾವ ಗಂಟೆಯಲ್ಲಿ ಮೂಡಿತು ಎಂದು ತೋರಿಸಿದ ಮೇಲೆ ಅಂಕ ಮರಳಿತು. ಕ್ಷಮೆ ಯಾರೂ ಕೇಳಲಿಲ್ಲ. ಎಂಟು ವಾರದ ಆನ್‌ಲೈನ್ ತರಗತಿಯನ್ನಂತೂ ಮುಟ್ಟಬೇಡಿ ತಂಗಿ, ಅದರಲ್ಲಿ ಉಸಿರಾಡಲು ಬಿಡುವಿಲ್ಲ.

ಎರಡನೇ ಇನಿಂಗ್ಸ್:
ಎಬಿ 705 ಬೈಯುವವರಿಗೆ ಒಂದು ಮಾತು. ಅದಕ್ಕೂ ಮುಂಚೆ ಓದಿದವನು ನಾನು. ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂತೆಂದು ಕೆಳಗಿನ ತರಗತಿಯಲ್ಲಿ ಕೂರಿಸಿದರು, ಅದು ಮುಗಿದ ಮೇಲೆ ಇನ್ನೊಂದು. ಒಂದಕ್ಕೂ ಪದವಿಯ ಯೂನಿಟ್ ಇಲ್ಲ, ಶುಲ್ಕ ಮಾತ್ರ ಪೂರ್ತಿ. ನನ್ನ ಜೊತೆ ಶುರು ಮಾಡಿದ ಬಹಳ ಜನ 1ಎ ಬಾಗಿಲನ್ನೂ ನೋಡದೆ ಕಾಲೇಜು ಬಿಟ್ಟರು. ನಿಮಗೆ ನೇರವಾಗಿ ಸಿಕ್ಕಿದ್ದನ್ನು ಕಷ್ಟವೆಂದು ಬರೆಯುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಅಂಚಿನ ಟಿಪ್ಪಣಿ:
ನಿಮ್ಮ ಕಾಲದ ಕಷ್ಟ ದೊಡ್ಡದು, ನಮ್ಮದು ಸಣ್ಣದು ಎಂದೇ? ಸೊನ್ನೆ ಬಿದ್ದದ್ದು ನನಗೆ ಸ್ವಾಮಿ, ನಿಮಗಲ್ಲ.

ಬಿಳಿ ಕೋಟು:
ಅಕ್ಕನ ಹಾಗೆ ಹೇಳುತ್ತಿದ್ದೇನೆ, ಪ್ಯಾರಾಮೆಡಿಕ್ ಬಿಟ್ಟು ನರ್ಸಿಂಗ್ ಹಿಡಿಯಿರಿ. ಅದೇ ಕಮ್ಯುನಿಟಿ ಕಾಲೇಜು, ಅದೇ ಅಸೋಸಿಯೇಟ್ ಪದವಿ. ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ ಮುಗಿಸಿ ನಾನೂ ಕಾದು ಕಾದು ಸೀಟು ಪಡೆದೆ. ಸೀಟು ಹಂಚುವ ಲಾಟರಿಯಲ್ಲಿ ಹೆಸರು ಬರದ ಪ್ರತಿ ಸಲವೂ ಅತ್ತಿದ್ದೇನೆ. ಆದರೆ ಈ ರಾಜ್ಯದಲ್ಲಿ 2004ರಿಂದ ಒಬ್ಬ ನರ್ಸ್ ಎಷ್ಟು ರೋಗಿಗಳನ್ನು ನೋಡಬಹುದು ಎಂಬುದಕ್ಕೆ ಕಾನೂನಿನ ಮಿತಿಯಿದೆ, ಐಸಿಯುನಲ್ಲಿ ಇಬ್ಬರಿಗಿಂತ ಹೆಚ್ಚಿಲ್ಲ. ಆಂಬುಲೆನ್ಸ್‌ನಲ್ಲಿ ನಿಮಗೆ ಯಾವ ಮಿತಿಯಿದೆ? ಸಂಬಳವನ್ನೂ ಹೋಲಿಸಿ ನೋಡಿ. ಮಗು ಇರುವವರು 24 ಗಂಟೆಯ ಪಾಳಿ ಮಾಡುವುದು ಹೇಗೆ?

ರಾತ್ರಿಪಾಳಿ:
ಕೇಳಿದ್ದು ಪ್ಯಾರಾಮೆಡಿಕ್ ಬಗ್ಗೆ. ಪ್ರತಿ ಚರ್ಚೆಗೂ ಒಬ್ಬರು ಬಂದು ನರ್ಸಿಂಗ್ ಮಾಡಿ ಎನ್ನುತ್ತೀರಿ. ಮಹಡಿಯ ಮೇಲಿನ ಇಕ್ಕಟ್ಟಾದ ಬಚ್ಚಲಿನಲ್ಲಿ ಉಸಿರು ನಿಂತ ಮನುಷ್ಯನ ಗಂಟಲಿಗೆ ನಳಿಕೆ ಇಳಿಸುವಾಗ ಪಕ್ಕದಲ್ಲಿ ವೈದ್ಯರಿರುವುದಿಲ್ಲ. ಆ ತೀರ್ಮಾನ ನಮ್ಮದು. ಅದನ್ನು ಕಡಿಮೆ ದರ್ಜೆಯ ಕೆಲಸದಂತೆ ಬರೆಯಬೇಡಿ.

ಬಿಳಿ ಕೋಟು:
ದರ್ಜೆಯ ಮಾತನ್ನು ನಾನು ಎತ್ತಿಲ್ಲ, ನೀವು ಎತ್ತಿದಿರಿ. ಸಂಬಳ ಹೋಲಿಸಿ ಎಂದೆ. ಉತ್ತರ ಬಂದಿಲ್ಲ.

ಡಲ್ಲಾಸ್‌ನಿಂದ:
ಯಾವ ರಾಜ್ಯದಲ್ಲೇ ಓದಿ, ಕೋರ್ಸಿಗೆ ಸಿಎಎಎಚ್‌ಇಪಿ ಎಂಬ ಸಂಸ್ಥೆಯ ಮಾನ್ಯತೆ ಇದೆಯೇ, ಇಲ್ಲದಿದ್ದರೆ ಅದರ ಹಾದಿಯಲ್ಲಿರುವ ಲೆಟರ್ ಆಫ್ ರಿವ್ಯೂ ಆದರೂ ಇದೆಯೇ ಎಂದು ನೋಡಿ. 2013ರಿಂದ ಅದಿಲ್ಲದೆ ಹೊಸದಾಗಿ ಪ್ಯಾರಾಮೆಡಿಕ್ ಕಲಿತವರಿಗೆ ನ್ಯಾಷನಲ್ ರಿಜಿಸ್ಟ್ರಿ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯೇ ಇಲ್ಲ. ನಾನು ಪರೀಕ್ಷೆ ಬರೆದಾಗ ಪ್ರಾಯೋಗಿಕವೂ ಇತ್ತು. ಪರೀಕ್ಷೆಯ ಒಂದು ಹಂತದಲ್ಲಿ, ಮೊದಲು ಹೇಳಬೇಕಾದ ಸುರಕ್ಷತೆಯ ಮಾತನ್ನು ನಾನು ಹೇಳಿದರೂ ಪರೀಕ್ಷಕರು ಕೇಳಿಸಿಕೊಳ್ಳದೆ ಫೇಲ್ ಮಾಡಿದರು. ಮತ್ತೆ ಶುಲ್ಕ, ಮತ್ತೆ ಬೇರೆ ಊರಿಗೆ ಪ್ರಯಾಣ, ಮತ್ತೆ ಹೋಟೆಲ್. 2024ರ ಜುಲೈಯಿಂದ ಆ ಪ್ರಾಯೋಗಿಕ ಪರೀಕ್ಷೆಯನ್ನೇ ತೆಗೆದುಹಾಕಿದ್ದಾರೆ, ಎಲ್ಲವೂ ಕಂಪ್ಯೂಟರ್ ಮೇಲೆ. ಈಗ ಪಾಸಾಗುವವರು ನಮ್ಮ ಸಾಲಿನಲ್ಲಿ ನಿಲ್ಲುವುದು ನನಗೆ ಒಪ್ಪಿಗೆಯಿಲ್ಲ.

ಹೊಸ ಪ್ಯಾಚ್:
ನಾನು ಆ ಹೊಸ ಪರೀಕ್ಷೆ ಬರೆದವಳು. ಕೈಗಳ ಕೌಶಲವನ್ನು ಕಾಲೇಜು ಪರೀಕ್ಷಿಸದೆ ಬಿಡುತ್ತದೆಯೇ? ಪ್ರತಿ ಕೌಶಲಕ್ಕೂ ಸಹಿ ಬಿದ್ದ ಮೇಲೆಯೇ ಪರೀಕ್ಷೆಗೆ ಕಳಿಸುವುದು. ಕಂಪ್ಯೂಟರ್ ಪರೀಕ್ಷೆಯಲ್ಲಿ ರೋಗಿಯ ಸ್ಥಿತಿ ಹಂತ ಹಂತವಾಗಿ ಬದಲಾಗುತ್ತದೆ, ಹಿಂದಿನ ನಿರ್ಧಾರವನ್ನು ಮತ್ತೆ ತೂಗಬೇಕು. ನಿಮಗೆ ಅನ್ಯಾಯವಾಗಿದ್ದರೆ ಅದರ ಸಿಟ್ಟನ್ನು ನಮ್ಮ ಮೇಲೆ ತೀರಿಸಬೇಡಿ.

ಹೊಸ ಊರಿನವಳು:
ಎಲ್ಲರಿಗೂ ಧನ್ಯವಾದ. ಒಂದೇ ಸೆಮಿಸ್ಟರಿನಲ್ಲಿ ಎರಡೂ ಆಗುತ್ತದೆಯೇ ಎಂಬುದು ಇನ್ನೂ ತಿಳಿಯಲಿಲ್ಲ.

ವರದಿ ಬರೆಯುವವನು:
ಆಗುತ್ತದೆ, ಮತ್ತು ಇಂಗ್ಲಿಷನ್ನು ಮುಂದಕ್ಕೆ ಹಾಕಬೇಡಿ. ನಾನು ಈಗ ಆಂಬುಲೆನ್ಸ್ ಸಿಬ್ಬಂದಿಯ ವರದಿಗಳನ್ನು ಪರಿಶೀಲಿಸುವ ಕೆಲಸದಲ್ಲಿದ್ದೇನೆ. ಇಲ್ಲಿ ಯಾರೂ ಹೇಳದ ವಿಷಯ ಇದು: ಪ್ರತಿ ಕರೆಯ ನಂತರ ಬರೆಯಲೇಬೇಕು, ಬರೆಯದಿದ್ದದ್ದು ಮಾಡದಿದ್ದದ್ದಕ್ಕೆ ಸಮ. ನಾನು ಹೊಸಬನಾಗಿದ್ದಾಗ ‘ರೋಗಿ ಗೊಂದಲದಲ್ಲಿದ್ದರು’ ಎಂದು ಬರೆದ ವರದಿಯನ್ನು ಮೇಲಿನವರು ವಾಪಸು ಕಳಿಸಿದರು. ನಿನಗೆ ಹೇಗೆ ಗೊತ್ತಾಯಿತು ಎಂಬ ಒಂದೇ ಪ್ರಶ್ನೆ. ತಿದ್ದಿ ಬರೆದೆ: ತಮ್ಮ ಹೆಸರು ಸರಿಯಾಗಿ ಹೇಳಿದರು, ಎಲ್ಲಿದ್ದಾರೆ ಎಂದು ಹೇಳಲಾಗಲಿಲ್ಲ, ಈಗ ಯಾವ ವರ್ಷ ಎಂದರೆ 1987 ಎಂದರು, ಹೇಳಿದಂತೆ ಎರಡೂ ಕೈ ಎತ್ತಿದರು, ಪ್ರಜ್ಞೆಯ ಮಟ್ಟ ಅಳೆಯುವ ಜಿಸಿಎಸ್ ಅಂಕ 14. ಅಷ್ಟು ಬರೆದ ಮೇಲೆ ಗೊಂದಲ ಎಂಬ ಪದದ ಅಗತ್ಯವೇ ಉಳಿಯಲಿಲ್ಲ. ಆಸ್ಪತ್ರೆಗೆ ಬರುವುದಿಲ್ಲ ಎಂದು ಸಹಿ ಮಾಡಿದವರ ವರದಿಯಲ್ಲಿ ಇದು ಇನ್ನೂ ಮುಖ್ಯ. ಆ ಮನುಷ್ಯ ರಾತ್ರಿ ಸತ್ತರೆ ವಕೀಲರು ಓದುವುದು ನೀವು ಬರೆದ ಆ ಒಂದು ಪ್ಯಾರಾವನ್ನು.

ಅಂಚಿನ ಟಿಪ್ಪಣಿ:
ಇದನ್ನೇ ನಾನು ಮೊದಲಿನಿಂದ ಹೇಳುತ್ತಿರುವುದು.

ಎರಡನೇ ಇನಿಂಗ್ಸ್:
ಇಲ್ಲ, ನೀವು ಹೇಳಿದ್ದು ಎಂಎಲ್‌ಎ ಬಗ್ಗೆ. ವರದಿಗೆ ಆಕರ ಪಟ್ಟಿ ಬೇಕಿಲ್ಲ.

ಅಂಚಿನ ಟಿಪ್ಪಣಿ:
ಹೇಳಿದ ಮಾತಿಗೆ ಪುರಾವೆ ಕೊಡು ಎನ್ನುವುದು ಎರಡರಲ್ಲೂ ಒಂದೇ. ಓದುವ ತಾಳ್ಮೆ ಇದ್ದರೆ ಕಾಣುತ್ತಿತ್ತು.

ಇಬ್ಬರ ಅಪ್ಪ:
46 ಡಾಲರ್ ಬಗ್ಗೆ ಒಂದು ಎಚ್ಚರಿಕೆ. ಅದು ರಾಜ್ಯದ ನಿವಾಸಿಗಳಿಗೆ ಮಾತ್ರ. ಸೆಮಿಸ್ಟರ್ ಶುರುವಾಗುವ ಮೊದಲು ವರ್ಷ ಮತ್ತು ಒಂದು ದಿನ ಇಲ್ಲಿ ನೆಲೆಸಿರಬೇಕು. ನನ್ನ ಮಗ ಎಚ್4 (ಅವಲಂಬಿತರ ವೀಸಾ) ಎಂದ ಕೂಡಲೇ ಹೊರಗಿನವನು ಎಂದು ನಮೂದಿಸಿ, ಯೂನಿಟ್‌ಗೆ ಮುನ್ನೂರಕ್ಕೂ ಮೇಲ್ಪಟ್ಟು ಬಿಲ್ ಮಾಡಿದರು. ಎಚ್4 ಇದ್ದವರೂ ನಿವಾಸಿಗಳಾಗಬಹುದು. ತೆರಿಗೆ ಪತ್ರ, ಡ್ರೈವಿಂಗ್ ಲೈಸೆನ್ಸ್, ಬಾಡಿಗೆ ಕರಾರು ಹಿಡಿದು ಕಿಟಕಿಯಿಂದ ಕಿಟಕಿಗೆ ಅಲೆದು ಬದಲಾಯಿಸಿದೆ. ಅಷ್ಟರಲ್ಲಿ ಮಗನಿಗೆ ಬೇಕಾಗಿದ್ದ ತರಗತಿ ಭರ್ತಿಯಾಗಿತ್ತು.

ಡಲ್ಲಾಸ್‌ನಿಂದ:
ನಮ್ಮಲ್ಲಿ ದರ ಕೌಂಟಿಗೆ ತಕ್ಕಂತೆ ಬದಲಾಗುತ್ತದೆ. ರಸ್ತೆಯ ಆಚೆಗಿನ ಕೌಂಟಿಯಲ್ಲಿ ಮನೆಯಿದ್ದರೆ ಹೆಚ್ಚು ಕಟ್ಟಬೇಕು. ನಿಮ್ಮದು ಸ್ವರ್ಗ.

ಬಿಳಿ ಕೋಟು:
ರಾತ್ರಿಪಾಳಿ ಅವರೇ, ಲಸಿಕೆಯ ಮೂರೂ ಡೋಸ್ ಮತ್ತೆ ಹಾಕಿಸಿಕೊಳ್ಳಿ ಎಂದು ಯಾರು ಹೇಳಿದರು? ಮೊದಲು ಟೈಟರ್ ರಕ್ತಪರೀಕ್ಷೆ ಮಾಡಿಸಬೇಕಿತ್ತು. ಪ್ರತಿಕಾಯ ಸಾಕಷ್ಟಿದ್ದರೆ ನನ್ನ ಕಾಲೇಜು ಅದನ್ನೇ ಒಪ್ಪಿಕೊಂಡಿತು.

ರಾತ್ರಿಪಾಳಿ:
ಮಾಡಿಸಿದ್ದೆ, ಕಡಿಮೆ ಬಂತು. ಎಲ್ಲವನ್ನೂ ಇಲ್ಲಿ ಬರೆಯಲು ಸಾಧ್ಯವೇ? ಆ ಪರೀಕ್ಷೆಗೂ 70 ಡಾಲರ್ ಕೈಯಿಂದ ಹೋಯಿತು, ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.