ಅಲಾಸ್ಕಾ ಬೋಟ್ ಟ್ರಿಪ್: ಅರಬೈಲ್ ಘಟ್ಟದಲ್ಲೇ ವಾಂತಿ ಮಾಡುವ ಅವ್ವನನ್ನು ಕರೆದುಕೊಂಡು ಹೋಗಬಹುದಾ?

ಉಣಕಲ್_ದಂಡೆ:
ನಮಸ್ಕಾರ ರೀ ಎಲ್ಲರಿಗೂ. ತಂಗಿ ಸಿಯಾಟಲ್‌ನಲ್ಲಿದ್ದಾಳೆ. ಜೂನ್‌ನಲ್ಲಿ ಅಪ್ಪ, ಅವ್ವನನ್ನು ಕರೆದುಕೊಂಡು ಹುಬ್ಬಳ್ಳಿಯಿಂದ ಹೊರಟಿದ್ದೇನೆ. ಅಲ್ಲಿಂದ ಎಲ್ಲರೂ ಅಲಾಸ್ಕಾದ ಆಂಕರೇಜ್‌ಗೆ ಹೋಗಿ, ಸೀವರ್ಡ್ ಎಂಬ ಊರಿನಿಂದ ಕೀನಾಯ್ ಫ್ಯೋರ್ಡ್ಸ್ ನ್ಯಾಷನಲ್ ಪಾರ್ಕ್ ನೋಡುವ ಒಂದು ದಿನದ ಬೋಟ್ ಟ್ರಿಪ್ ಮಾಡೋಣ ಅಂತ ತಂಗಿಯ ಪ್ಲ್ಯಾನ್. ಹಿಮನದಿ, ತಿಮಿಂಗಿಲ, ಸೀಲ್ ಎಲ್ಲ ಕಾಣಿಸುತ್ತವಂತೆ. ಆರು ಗಂಟೆಯದ್ದೂ ಇದೆ, ಎಂಟೂವರೆ ಗಂಟೆಯದ್ದೂ ಇದೆ. ಅಪ್ಪನಿಗೆ ದೊಡ್ಡದೇ ಬೇಕು. ಅವ್ವನದೇ ಚಿಂತೆ. ಅಂಕೋಲಾಕ್ಕೆ ಹೊರಟರೆ ಯಲ್ಲಾಪುರ ದಾಟುತ್ತಿದ್ದ ಹಾಗೇ ನಿಂಬೆಹಣ್ಣು ಮೂಗಿಗೆ ಹಿಡಿದು ಕೂರುತ್ತಾಳೆ. ಹೋಗಿ ಬಂದವರು ಯಾರಾದರೂ ಇದ್ದರೆ ಹೇಳಿ.

ಸಪ್ತಾಪುರ_ಮಾಸ್ತರ:
ನಾವು ಮಗನ ಜೊತೆ ಹೋಗಿದ್ದೆವು. ಎಷ್ಟು ಗಂಟೆ ಅನ್ನೋದನ್ನು ಬಿಡಿ, ಬೋಟು ಯಾವ ನೀರಿನಲ್ಲಿ ಹೋಗುತ್ತದೆ ಅಂತ ನೋಡಿ. ಸೀವರ್ಡ್ ಇರೋದು ರೆಸರೆಕ್ಷನ್ ಬೇ ಎಂಬ ಉದ್ದನೆಯ ಕೊಲ್ಲಿಯ ತುದಿಯಲ್ಲಿ. ಎರಡೂ ಕಡೆ ಗುಡ್ಡ, ಹಾಗಾಗಿ ಒಳಗೆ ನೀರು ಅಷ್ಟೇನೂ ಕುಲುಕುವುದಿಲ್ಲ. ಆದರೆ ಸಮುದ್ರಕ್ಕೇ ಇಳಿಯುವ ಐಯಾಲಿಕ್, ಹೋಲ್ಗೇಟ್ ಹಿಮನದಿಗಳು ಇರೋದು ಆಚೆಯ ಕೊಲ್ಲಿಯಲ್ಲಿ. ಅಲ್ಲಿಗೆ ಹೋಗಬೇಕಂದ್ರೆ ಸಮುದ್ರಕ್ಕೆ ಚಾಚಿದ ನೆಲದ ಮೂಲೆ ಸುತ್ತಿ, ತೆರೆದ ಸಮುದ್ರಕ್ಕೆ ಬಂದು, ಮತ್ತೆ ಒಳಗೆ ಹೋಗಬೇಕು. ಹೊಟ್ಟೆ ತೊಳಸೋದು ಆ ನಡುವಿನ ದಾರಿಯಲ್ಲೇ, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಎಂಟೂವರೆ ಗಂಟೆಯದ್ದು ಇನ್ನೂ ದೂರದ ನಾರ್ತ್‌ವೆಸ್ಟರ್ನ್ ಫ್ಯೋರ್ಡ್ ಎಂಬ ಕಿರಿದಾದ ಕೊಲ್ಲಿಗೆ ಹೋಗುತ್ತದೆ, ಅದರಲ್ಲಿ ತೆರೆದ ನೀರು ಜಾಸ್ತಿ. ಅದು ಬೇಡವೇ ಬೇಡ.

ಆರು ಗಂಟೆಯದ್ದಕ್ಕೆ ಹೋಗಿ ಅಂತೀನಿ. ಐಯಾಲಿಕ್ ಎದುರು ಕ್ಯಾಪ್ಟನ್ ಬೋಟು ನಿಲ್ಲಿಸಿ ಎಲ್ಲರೂ ಸುಮ್ನಿರಿ ಅಂದರು. ಸುಮಾರು ಒಂದೂವರೆ ಕಿಲೋಮೀಟರ್ ಅಗಲದ ಮಂಜುಗಡ್ಡೆಯ ಗೋಡೆ. ಮೊದಲು ಒಂದು ತುಂಡು ಕಳಚಿ ಬೀಳೋದು ಕಾಣುತ್ತದೆ, ಆಮೇಲೆ ಸದ್ದು ಬರುತ್ತದೆ, ಕಲ್ಲಿನ ಕ್ವಾರಿಯಲ್ಲಿ ಬಂಡೆ ಒಡೆದ ಹಾಗೆ. ನೀಲಿ ಬಣ್ಣ ನೋಡಿ ಬೆಳಕಿನ ಆಟ ಇರಬೇಕು ಅಂದುಕೊಂಡೆ. ಗಟ್ಟಿಯಾಗಿ ಒತ್ತಿಕೊಂಡ ಮಂಜು ಕೆಂಪು ಬೆಳಕನ್ನು ಹೀರಿಕೊಳ್ಳುವುದರಿಂದ ಹಾಗೆ ಕಾಣುತ್ತದೆ ಅಂತ ಗೈಡ್ ಹೇಳಿದಳು. ತೇಲುವ ಮಂಜಿನ ಮೇಲೆ ಸೀಲ್‌ಗಳು ಮರಿಗಳ ಜೊತೆ ಮಲಗಿದ್ದವು. ಜೂನ್ ಅದಕ್ಕೆ ಒಳ್ಳೆ ಸಮಯ.

ರಾಣೆಬೆನ್ನೂರ_ಚಿಗರಿ:
ಮಾಸ್ತರರೇ, ಎಲ್ಲ ಸರಿ. ಆದರೆ ಘಟ್ಟದಲ್ಲಾದರೆ ಗಾಡಿ ಬದಿಗೆ ಹಾಕಬಹುದು, ಬೋಟಿನಲ್ಲಿ ಹತ್ತಿದ ಮೇಲೆ ಮುಗೀತು ಅಲ್ವಾ? ನಮ್ಮ ಅತ್ತೆಯವರು ಅರ್ಧ ದಾರಿ ಪೇಪರ್ ಚೀಲ ಹಿಡಿದೇ ಕೂತಿದ್ದರು. ಹಂಪ್‌ಬ್ಯಾಕ್ ತಿಮಿಂಗಿಲ ಬಾಲ ಎತ್ತಿದಾಗ ಇಡೀ ಬೋಟು ಕೂಗಿತು, ಅವರು ಕಣ್ಣೂ ತೆರೆಯಲಿಲ್ಲ. ಅಷ್ಟು ದುಡ್ಡು ಕೊಟ್ಟು ಆ ತಾಯಿಗೆ ಯಾಕೆ ಆ ಶಿಕ್ಷೆ?

ಅಕ್ಕ ಅಂತಾದರೂ ತಿಳ್ಕೊಳ್ಳಿ, ನನ್ನ ಮಾತು ಕೇಳಿ. ರೆಸರೆಕ್ಷನ್ ಬೇ ಒಳಗೇ ಸುತ್ತಾಡಿಸುವ ಅರ್ಧ ದಿನದ ಬೋಟು ಇದೆ. ನೀರುನಾಯಿ ಬೆನ್ನ ಮೇಲೆ ಮಲಗಿ ತೇಲೋದು, ಸಮುದ್ರಸಿಂಹ, ಬಿಳಿ ತಲೆಯ ಹದ್ದು ಎಲ್ಲ ಅಲ್ಲೇ ಸಿಗುತ್ತವೆ. ನೀರಿಗೆ ಬೀಳುವ ಹಿಮನದಿ ಮಾತ್ರ ಸಿಗಲ್ಲ. ಹಿಮನದಿ ನೋಡೋಕೆ ಕಾರಿನಲ್ಲಿ ಎಕ್ಸಿಟ್ ಗ್ಲೇಸಿಯರ್‌ಗೆ ಹೋಗಿ. ಅದೂ ಅದೇ ಪಾರ್ಕು, ಸೀವರ್ಡ್‌ನಿಂದ ಹತ್ತಿರ, ನೋಡುವ ಜಾಗದವರೆಗೆ ಸಪಾಟಾದ ಕಾಲುದಾರಿ. ಹಿಮನದಿ ಯಾವ ವರ್ಷ ಎಲ್ಲಿಯವರೆಗೆ ಇತ್ತು ಅಂತ ದಾರಿಯುದ್ದಕ್ಕೂ ಇಸವಿ ಬರೆದ ಫಲಕ ನೆಟ್ಟಿದ್ದಾರೆ. ನಡೆದಷ್ಟೂ ಅದು ಹಿಂದೆ ಸರಿದದ್ದು ಗೊತ್ತಾಗುತ್ತದೆ. ಒಬಾಮಾ 2015ರಲ್ಲಿ ಬಂದು ನೋಡಿದ್ದು ಇದನ್ನೇ.

ಮಾಗಡಿ_ಕೆರೆ_ಗದಗ:
ಚಳಿಗಾಲದಲ್ಲಿ ನಮ್ಮ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತು ನೋಡೋಕೆ ಓಡುವವನು ನಾನು, ಹಾಗಾಗಿ ಹಕ್ಕಿಯವರ ಪರ ಮಾತಾಡ್ತೀನಿ. ಪಫಿನ್ ಎಂಬ ಕಡಲಹಕ್ಕಿಯನ್ನು ಚೆನ್ನಾಗಿ ನೋಡಬೇಕಂದ್ರೆ ಚಿಸ್ವೆಲ್ ದ್ವೀಪಗಳು. ಅವು ಆರು ಗಂಟೆಯ ಬೋಟಿನ ದಾರಿಯಲ್ಲಿ ಬರುತ್ತವೆ. ಬೇಸಿಗೆಯಲ್ಲಿ ಮಾತ್ರ ದಡಕ್ಕೆ ಬಂದು ಮರಿ ಮಾಡುವ ಹಕ್ಕಿ ಅದು, ಉಳಿದ ತಿಂಗಳು ನಡುಸಮುದ್ರ. ಬೈನಾಕ್ಯುಲರ್ ಮರೀಬೇಡಿ.

ವಾಂತಿ ಮಾತ್ರೆಯನ್ನು ಕುಲುಕಾಟ ಶುರುವಾದ ಮೇಲೆ ನುಂಗಿದರೆ ಹೆಚ್ಚು ಉಪಯೋಗ ಇಲ್ಲ, ಬೋಟು ಹತ್ತುವ ಮೊದಲೇ ಆಗಬೇಕು. ಅವರು ಬಿಪಿ, ಶುಗರ್ ಮಾತ್ರೆ ತಗೊಳ್ತಿದ್ದರೆ ಹುಬ್ಬಳ್ಳಿಯಲ್ಲೇ ಡಾಕ್ಟರ್ ಹತ್ತಿರ ಕೇಳಿಬಿಡಿ. ಕೆಳಗಿನ ಅಂತಸ್ತಿನಲ್ಲಿ, ಹಿಂಭಾಗದ ಕಡೆ ಕೂರಿಸಿ, ದೂರದ ದಡ ನೋಡ್ತಾ ಇರಲಿ. ಮೊಬೈಲ್ ಬೇಡ. ಮತ್ತೆ ಸ್ವೆಟರ್, ಮಂಕಿ ಕ್ಯಾಪ್ ಜೂನ್‌ನಲ್ಲೂ ಬೇಕು, ಮಂಜುಗಡ್ಡೆಯ ಎದುರು ಗಾಳಿ ಕೊರೆಯುತ್ತದೆ.

ಉಣಕಲ್_ದಂಡೆ:
ಎಲ್ಲರಿಗೂ ಥ್ಯಾಂಕ್ಸ್ ರೀ. ಅಪ್ಪನಿಗೆ ಓದಿ ಹೇಳಿದೆ. ಅಪ್ಪ, ತಂಗಿ ಆರು ಗಂಟೆಯದ್ದಕ್ಕೆ, ನಾನು, ಅವ್ವ ಎಕ್ಸಿಟ್ ಗ್ಲೇಸಿಯರ್‌ಗೆ ಅಂತ ಮಾಡಿದರೆ ಹೇಗೆ ಅಂದೆ. ಅವ್ವನಿಗೆ ಸಿಟ್ಟು. "ಎಲ್ಲರೂ ತಿಮಿಂಗಿಲ ನೋಡೋದು, ನಾ ಫಲಕ ಓದೋದಾ?" ಅಂತಾಳೆ. ಈಗ ಅರ್ಧ ದಿನದ ಬೋಟಿಗೆ ಒಪ್ಪಿದ್ದಾಳೆ. ಬೋಟಿನಲ್ಲಿ ಸಸ್ಯಾಹಾರ ಸಿಗುತ್ತದಾ? ಆಂಕರೇಜ್‌ನಿಂದ ರೈಲು ಚೆಂದ ಅಂತಾರೆ, ಅದರಲ್ಲಿ ಹೋಗೋದಾ?

ರಾಣೆಬೆನ್ನೂರ_ಚಿಗರಿ:
ಬುಕ್ ಮಾಡುವಾಗಲೇ ಸಸ್ಯಾಹಾರ ಅಂತ ಹೇಳಿ. ಏನಾದರೂ ಆಗಲಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಚೀಲದಲ್ಲಿರಲಿ. ರೈಲು ಚೆಂದ, ಆದರೆ ಒಂದು ಕಡೆಗೇ ನಾಲ್ಕು ಗಂಟೆ ದಾಟುತ್ತದೆ, ಎಕ್ಸಿಟ್ ಗ್ಲೇಸಿಯರ್ ಕೂಡಿಸೋಕೆ ಆಗಲ್ಲ. ಕಾರಿನಲ್ಲಿ ಸುಮಾರು 200 ಕಿಲೋಮೀಟರ್, ರಸ್ತೆಯೂ ಸಮುದ್ರದ ಅಂಚಿನಲ್ಲೇ ಬಹಳ ದೂರ ಹೋಗುತ್ತದೆ. ಜೂನ್‌ನಲ್ಲಿ ರಾತ್ರಿ ಹತ್ತಕ್ಕೂ ಬೆಳಕಿರುತ್ತದೆ, ಗಡಿಬಿಡಿ ಬೇಡ.