ಗುರುತಿಲ್ಲದ ಹಳೇ ಟ್ರಾನ್ಸ್‌ಫಾರ್ಮರ್: 807 ಟ್ರಾನ್ಸ್‌ಮಿಟರ್‌ಗೆ ಆಗುತ್ತಾ?

ಪ್ರಶ್ನೆ:
ನಮಸ್ಕಾರ. ಹಳೇ ವಾಲ್ವ್ ಸೆಟ್‌ನಿಂದ ಬಿಚ್ಚಿದ ಭಾರದ ಟ್ರಾನ್ಸ್‌ಫಾರ್ಮರ್ ಒಂದು ಸಿಕ್ಕಿದೆ. ಲೇಬಲ್ ಇಲ್ಲ, ಬಣ್ಣದ ವೈರುಗಳೂ ಇಲ್ಲ, ಬರೀ 11 ಟ್ಯಾಗುಗಳು. 807 ವಾಲ್ವ್ ಹಾಕಿ ಎಎಂ ರೇಡಿಯೋ ಟ್ರಾನ್ಸ್‌ಮಿಟರ್ ಕಟ್ಟುತ್ತಿದ್ದೇನೆ, ಅದರ ಎಚ್‌ಟಿಗೆ (ವಾಲ್ವ್‌ಗೆ ಬೇಕಾದ ಹೈ ವೋಲ್ಟೇಜ್‌ಗೆ) ಬಳಸುವ ಆಸೆ. ಮೀಟರ್ ಇಟ್ಟರೆ 1-2ಕ್ಕೆ 4.1 ಓಮ್, 1-3ಕ್ಕೆ 4.5. 4ನೇದು ಯಾವುದಕ್ಕೂ ಸೇರಿಲ್ಲ. 5-6 58 ಓಮ್, 6-7 66 ಓಮ್. 8-9, 10-11 ಎರಡೂ ಹೆಚ್ಚೂಕಡಿಮೆ ಸೊನ್ನೆ. 58, 66 ಸಮ ಇಲ್ವಲ್ಲ, ಒಳಗೆ ಸುತ್ತುಗಳು ಶಾರ್ಟ್ ಆಗಿವೆಯಾ? ಇಲ್ಲ ಇದು ಮಾಡ್ಯುಲೇಶನ್ ಟ್ರಾನ್ಸ್‌ಫಾರ್ಮರಾ (ಧ್ವನಿಯನ್ನು ಟ್ರಾನ್ಸ್‌ಮಿಟರ್‌ಗೆ ಸೇರಿಸುವಂಥದ್ದು)? ನೇರ ಮೇನ್ಸ್ ಕೊಟ್ಟು ನೋಡಲಾ?

ಉತ್ತರ:
ಮೇನ್ಸ್ ಈಗಲೇ ಬೇಡ. 58, 66 ಬಂದಿದ್ದಕ್ಕೆ ಹೆದರಬೇಡಿ. 5-6, 6-7 ಒಂದೇ ಎಚ್‌ಟಿ ವೈಂಡಿಂಗ್‌ನ ಎರಡು ಅರ್ಧ, ಒಂದರ ಮೇಲೊಂದು ಸುತ್ತಿರುತ್ತಾರೆ. ಹೊರಗಿನ ಅರ್ಧದ ಒಂದೊಂದು ಸುತ್ತೂ ದೊಡ್ಡದು, ತಂತಿ ಜಾಸ್ತಿ ಹಿಡಿಯುತ್ತದೆ, ಸುತ್ತುಗಳು ಅಷ್ಟೇ ಇದ್ದರೂ ಓಮ್ಸ್ ಮಾತ್ರ ಏರುತ್ತದೆ. ಹಾಗಾಗಿ ಸೆಂಟರ್ ಟ್ಯಾಪ್ (ನಡುವಿನ ತುದಿ, ಇಲ್ಲಿ 6) ಸರಿಯಾಗಿದೆಯಾ ಅಂತ ವೋಲ್ಟೇಜ್ ನೋಡಿಯೇ ಹೇಳಬೇಕು. ಸೊನ್ನೆ ಓಮ್‌ನ ಎರಡು ದಪ್ಪ ವೈಂಡಿಂಗ್ ಇದೆ ಅಂದರೆ ಅವು ಫಿಲಮೆಂಟ್‌ಗೆ (ವಾಲ್ವ್ ಒಳಗೆ ಕಾಯುವ ತಂತಿಗೆ), ಮಾಡ್ಯುಲೇಶನ್ ಟ್ರಾನ್ಸ್‌ಫಾರ್ಮರ್‌ನಲ್ಲಿ ಅವಕ್ಕೆ ಕೆಲಸ ಇಲ್ಲ.

ಮೊದಲು 500 ವೋಲ್ಟ್ ಮೆಗ್ಗರ್‌ನಲ್ಲಿ (ಇನ್ಸುಲೇಶನ್ ಅಳೆಯುವ ಮೀಟರ್) ಪ್ರತಿ ವೈಂಡಿಂಗ್‌ಗೂ ಕೋರ್‌ಗೂ ನಡುವೆ, ವೈಂಡಿಂಗ್‌ಗಳ ನಡುವೆ ಲೀಕೇಜ್ ನೋಡಿ. ಆಮೇಲೆ ಇನ್ನೊಂದು ಸಣ್ಣ ಟ್ರಾನ್ಸ್‌ಫಾರ್ಮರ್‌ನಿಂದ 12 ವೋಲ್ಟ್ ಎಸಿಯನ್ನು ಪ್ರೈಮರಿ (ಮೇನ್ಸ್ ಕಡೆ) ಅನಿಸುವ 1-3ಕ್ಕೆ ಕೊಟ್ಟು ಉಳಿದದ್ದೆಲ್ಲ ಅಳೆದು ಹಾಕಿ. ಫಿಲಮೆಂಟ್ ಕಡೆಗೆ ಮಾತ್ರ ಯಾವ ಕಾರಣಕ್ಕೂ ಕೊಡಬೇಡಿ. ಅಲ್ಲಿ ಬರೀ 6 ವೋಲ್ಟ್ ಕೊಟ್ಟರೂ ಎಚ್‌ಟಿ ತುದಿಗಳಲ್ಲಿ ಸಾವಿರ ದಾಟಬಹುದು, ಕೈ ತಗುಲಿದರೆ ಜೀವಕ್ಕೆ ಅಪಾಯ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಸರ್. ಮೆಗ್ಗರ್‌ನಲ್ಲಿ ಲೀಕೇಜ್ ಕಾಣಲಿಲ್ಲ. 1-3ಕ್ಕೆ ಸರಿಯಾಗಿ 12 ವೋಲ್ಟ್ ಕೊಟ್ಟಾಗ 1-2ರಲ್ಲಿ 11, 5-6 ಮತ್ತು 6-7 ಎರಡೂ 30, 8-9ರಲ್ಲಿ 0.26, 10-11ರಲ್ಲಿ 0.33.

ಉತ್ತರ:
ಎರಡೂ 30, ನೋಡಿ, ಸೆಂಟರ್ ಟ್ಯಾಪ್ ಸರಿಯಾಗೇ ಇದೆ. ಈಗ ಆ ಸಣ್ಣ ಸಂಖ್ಯೆಗಳನ್ನು ಹಿಡಿಯಿರಿ, ಗುಟ್ಟೆಲ್ಲ ಅಲ್ಲೇ ಇರೋದು. ಎಚ್‌ಟಿಯನ್ನು ಎಷ್ಟಕ್ಕೆ ಬೇಕಾದರೂ ಸುತ್ತಬಹುದು, ಆದರೆ ವಾಲ್ವ್‌ನ ಫಿಲಮೆಂಟ್ ಕೇಳೋದು 2.5, 5, 6.3, 10 ಹೀಗೆ ಕೆಲವೇ ವೋಲ್ಟೇಜ್. 0.26ಕ್ಕೂ 0.33ಕ್ಕೂ ಇರುವ ಅನುಪಾತ 5ಕ್ಕೂ 6.3ಕ್ಕೂ ಇರುವುದೇ. ಲೋಡ್ ಇಲ್ಲದಾಗ ಸ್ವಲ್ಪ ಜಾಸ್ತಿ ಬರುತ್ತೆ, 5.2 ಮತ್ತು 6.6 ಅಂತಿಟ್ಟುಕೊಂಡರೆ ಎಲ್ಲವನ್ನೂ 20ರಿಂದ ಗುಣಿಸಬೇಕು. ಆಗ 1-3 ಅಂದರೆ 240, 1-2 ಅಂದರೆ 220, ಎಚ್‌ಟಿ 600-0-600. 4ನೇದು ಬಹುತೇಕ ಪ್ರೈಮರಿ ಪಕ್ಕದ ಶೀಲ್ಡ್, ಚಾಸಿಸ್‌ಗೆ ಸೇರಿಸಿ.

ಇನ್ನು ಮೇನ್ಸ್ ಕೊಡಬಹುದು, 60 ವ್ಯಾಟ್ ಫಿಲಮೆಂಟ್ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿ. ಸೆಕೆಂಡರಿಗಳೆಲ್ಲ ಖಾಲಿ ಇರಲಿ, ತುದಿಗಳಿಗೆ ಇನ್ಸುಲೇಶನ್ ಇರಲಿ. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಸರಿ, ಉರಿಯುತ್ತಲೇ ಇದ್ದರೆ ಸುತ್ತುಗಳು ಶಾರ್ಟ್ ಆಗಿವೆ, ಇಲ್ಲವೇ ಕೋರ್ ಸ್ಯಾಚುರೇಟ್ ಆಗುತ್ತಿದೆ (ಕಬ್ಬಿಣ ಇನ್ನಷ್ಟು ಕಾಂತತ್ವ ಹಿಡಿಯಲಾರದ ಸ್ಥಿತಿ). ವಿಮಾನದ ಸೆಟ್‌ಗಳಿಂದ ಬರುವ 400 ಹರ್ಟ್ಸ್‌ನವು 50 ಹರ್ಟ್ಸ್‌ನಲ್ಲಿ ಹೀಗೇ ಮಾಡುತ್ತವೆ.

807ಕ್ಕೆ ಚೋಕ್ ಇನ್‌ಪುಟ್ ಫಿಲ್ಟರ್ (ರೆಕ್ಟಿಫೈಯರ್ ಆದ ಮೇಲೆ ಮೊದಲು ಚೋಕ್ ಕಾಯಿಲ್ ಬರುವಂಥದ್ದು) ಹಾಕಿ, ಸುಮಾರು 540 ಡಿಸಿ ಸಿಗುತ್ತದೆ, ಎಎಂಗೆ ಚೆನ್ನಾಗಿ ಹೊಂದುತ್ತದೆ. ಕೆಪಾಸಿಟರ್ ಇನ್‌ಪುಟ್ ಹಾಕಿದರೆ ಅದು 840 ಮುಟ್ಟಬಹುದು, ಬೇಡ. ರೆಕ್ಟಿಫೈಯರ್‌ಗೆ (ಎಸಿಯನ್ನು ಡಿಸಿ ಮಾಡುವ ವಾಲ್ವ್) ಇಷ್ಟು ವೋಲ್ಟೇಜ್‌ಗೆ 5ಯು4 ಸಾಲದು, 5ಆರ್4ಜಿವೈ ಹಾಕಿ.

ಕರೆಂಟ್ ಎಷ್ಟು ಕೊಡುತ್ತೆ ಅನ್ನೋದನ್ನು ಬಿಸಿಯಿಂದಲೇ ತಿಳಿಯಬೇಕು. ಲೋಡ್ ಹಾಕಿ ಒಂದೆರಡು ಗಂಟೆ ಓಡಿಸಿ, ಆಫ್ ಮಾಡಿ, ಕೆಪಾಸಿಟರ್‌ಗಳನ್ನು ಡಿಸ್ಚಾರ್ಜ್ ಮಾಡಿ, ತಕ್ಷಣ 5-7 ಅಳೆಯಿರಿ. ತಾಮ್ರದ ಓಮ್ಸ್ ಒಂದು ಡಿಗ್ರಿಗೆ ಸುಮಾರು 0.39 ಶೇಕಡಾ ಏರುತ್ತದೆ. ತಣ್ಣಗಿದ್ದಾಗ 124 ಇದ್ದದ್ದು 143 ಆಗಿದ್ದರೆ ಒಳಗೆ 40 ಡಿಗ್ರಿ ಏರಿದೆ ಅಂತ. ಅಷ್ಟು ಹಳೇ ಇನ್ಸುಲೇಶನ್‌ಗೆ ಅದಕ್ಕಿಂತ ಜಾಸ್ತಿ ಕಾಸಬೇಡಿ, ಲೋಡ್ ಇಳಿಸಿ.